ಬಾಗಿಲ ಹೊರಗಿನ ಗಡಿಯಾರ

ಹೆಬ್ಬಾಳದ ಮೇಲ್ಸೇತುವೆಯನ್ನು ಬಯ್ಯದ ಹೃದಯವೈದ್ಯರು ಉತ್ತರ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಇನ್ನೂ ಆಚೆ ಬಾಗೇಪಲ್ಲಿ, ಹಿಂದೂಪುರದ ಕಡೆಯಿಂದ ಎದೆನೋವೆಂದು ಹೊರಟ ಆಂಬುಲೆನ್ಸು ಹೆದ್ದಾರಿಯನ್ನೆಲ್ಲ ಸಲೀಸಾಗಿ ದಾಟಿ ಬರುತ್ತದೆ. ಎಸ್ಟೀಮ್ ಮಾಲಿನ ಮುಂದೆ, ಕೊನೆಯ ಒಂದು ಕಿಲೋಮೀಟರಿನಲ್ಲಿ, ಸಿಕ್ಕಿಹಾಕಿಕೊಂಡು ಕೂಗುತ್ತ ನಿಲ್ಲುತ್ತದೆ. ಕೊರೊನಾ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25ರಿಂದ ಕೆಲವು ವಾರ ಈ ಪೀಡೆ ಇರಲಿಲ್ಲ. ಯಲಹಂಕದಿಂದ ಮೇಖ್ರಿ ವೃತ್ತದವರೆಗೆ ಬಳ್ಳಾರಿ ರಸ್ತೆ ಬಟಾಬಯಲು. ಆ ರಸ್ತೆಗೆ ಕೂಗಳತೆಯಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಆಗಿನ್ನೂ ಕೊಲಂಬಿಯಾ ಏಷ್ಯಾ ಎಂಬ ಹೆಸರಿನಲ್ಲಿದ್ದ ಆಸ್ಪತ್ರೆ, ಸಹಕಾರನಗರದ ಆಸ್ಟರ್ ಸಿಎಂಐ, ಸ್ವಲ್ಪ ಒಳಗೆ ಹೋದರೆ ರಾಮಯ್ಯ. ಲೆಕ್ಕ ಹಾಕಿದರೆ, ಹೃದಯಾಘಾತವಾದವನಿಗೆ ಬೆಂಗಳೂರಿನಲ್ಲಿ ಅಷ್ಟು ಅನುಕೂಲದ ಕಾಲ ಹಿಂದೆ ಬಂದಿರಲಿಲ್ಲ. ರಸ್ತೆ ಖಾಲಿ, ಆಸ್ಪತ್ರೆ ಹತ್ತಿರ, ಮುಂದೂಡಬಹುದಾದ ಆಪರೇಷನ್ನುಗಳನ್ನೆಲ್ಲ ಮುಂದೂಡಿದ್ದರಿಂದ ಒಳಗೆ ಹಾಸಿಗೆಯೂ ಖಾಲಿ.

ಆದರೆ ರೋಗಿಗಳೇ ಬರಲಿಲ್ಲ. ಬಂದವರು ತಡವಾಗಿ ಬಂದರು.

ಇದು ನಮ್ಮೂರಿನ ವಿಚಿತ್ರ ಮಾತ್ರ ಆಗಿರಲಿಲ್ಲ. ಹಾಂಗ್‌ಕಾಂಗಿನ ಕ್ವೀನ್ ಮೇರಿ ಆಸ್ಪತ್ರೆಯ ವೈದ್ಯರು 2020ರ ಆರಂಭದಲ್ಲೇ ಒಂದು ಪುಟ್ಟ ವರದಿ ಬರೆದರು. ಬರೀ ಏಳು ರೋಗಿಗಳ ಲೆಕ್ಕ ಅದು. ನೋವು ಶುರುವಾದಾಗಿನಿಂದ ವೈದ್ಯರ ಕಣ್ಣಿಗೆ ಬೀಳುವವರೆಗಿನ ಹೊತ್ತು ಹಿಂದಿನ ವರ್ಷ ಒಂದೂಕಾಲು ಗಂಟೆ ಚಿಲ್ಲರೆ ಇದ್ದದ್ದು ಈಗ ಐದು ಗಂಟೆ ದಾಟಿತ್ತು. ಮಾರ್ಚ್‌ನ ಒಂದು ವಾರ ಇಟಲಿಯ ಆಸ್ಪತ್ರೆಗಳು ಎಣಿಸಿ ನೋಡಿದಾಗ ಹೃದಯಾಘಾತವೆಂದು ದಾಖಲಾದವರು ಹಿಂದಿನ ವರ್ಷಕ್ಕಿಂತ ಶೇ 48ರಷ್ಟು ಕಮ್ಮಿ. ಅದೇ ವೇಳೆ, ದೊಡ್ಡ ಬಗೆಯ ಹೃದಯಾಘಾತವಾಗಿ ದಾಖಲಾದವರಲ್ಲಿ ಸತ್ತವರ ಪ್ರಮಾಣ ಶೇ 4ರಿಂದ ಸುಮಾರು ಶೇ 14ಕ್ಕೆ ಏರಿತ್ತು. ನಮ್ಮ ದೇಶದ 187 ಆಸ್ಪತ್ರೆಗಳ ಲೆಕ್ಕವನ್ನು ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಆಮೇಲೆ ಒಟ್ಟುಹಾಕಿತು. ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗೆ ದಾಖಲಾತಿ ಶೇ 35ರಷ್ಟು ಇಳಿದಿತ್ತು. ಜನ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ, ಹೊಗೆಯಿಲ್ಲ, ಆಫೀಸಿನ ಒತ್ತಡವಿಲ್ಲ, ಹೋಟೆಲಿನ ಎಣ್ಣೆಯಿಲ್ಲ, ಹಾಗಾಗಿ ಹೃದಯಾಘಾತವೇ ಕಡಿಮೆಯಾಗಿದೆ ಎಂದು ಸಮಾಧಾನ ಮಾಡಿಕೊಂಡವರೂ ಇದ್ದರು. ಸತ್ತವರ ಪ್ರಮಾಣ ಆ ಸಮಾಧಾನವನ್ನು ಉಳಿಸಲಿಲ್ಲ.

ಹೃದಯಾಘಾತದ ಚಿಕಿತ್ಸೆ ಎಂದರೆ ಹೆಚ್ಚುಕಮ್ಮಿ ಗಡಿಯಾರದ ಕೆಲಸ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳದಲ್ಲಿ ಹೆಪ್ಪುಗಟ್ಟಿ ಹರಿವು ನಿಂತರೆ, ತೂಬು ಮುಚ್ಚಿದ ಕೆರೆಯ ಕೆಳಗಿನ ಗದ್ದೆಯಂತೆ, ನೀರು ಕಾಣದ ಭಾಗ ಒಣಗುತ್ತ ಹೋಗುತ್ತದೆ. ಒಣಗಿದ ಸ್ನಾಯು ಮತ್ತೆ ಚಿಗುರುವುದಿಲ್ಲ. ಅದಕ್ಕೇ ಆಸ್ಪತ್ರೆಗಳು ನಿಮಿಷ ಎಣಿಸುತ್ತವೆ. ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಇಸಿಜಿ. ತೊಂಬತ್ತು ನಿಮಿಷದೊಳಗೆ ಮುಚ್ಚಿದ ನಾಳಕ್ಕೆ ತಂತಿ ಹಾಯಿಸಿ ಬಲೂನು ಉಬ್ಬಿಸಿ ದಾರಿ ತೆರೆಯಬೇಕು. ಒಳ್ಳೆಯ ಆಸ್ಪತ್ರೆಗಳು ಇದನ್ನು ಅರವತ್ತು ನಿಮಿಷಕ್ಕೂ ಇಳಿಸಿವೆ, ಜಾಹೀರಾತಿನಲ್ಲೂ ಹಾಕಿಕೊಂಡಿವೆ.

ಗಮನಿಸಿ, ಈ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಿ. ಅದಕ್ಕೂ ಮೊದಲು ಇನ್ನೆರಡು ಕಾಲಗಳಿವೆ. ನೋವು ಬಂದಾಗಿನಿಂದ ‘ಹೋಗೋಣ’ ಎಂದು ತೀರ್ಮಾನಿಸುವವರೆಗಿನದು ಒಂದು, ತೀರ್ಮಾನಿಸಿದ ಮೇಲೆ ಬಾಗಿಲು ಮುಟ್ಟುವವರೆಗಿನದು ಇನ್ನೊಂದು. ಎರಡನೆಯದನ್ನು ನಾವು ಹೆಬ್ಬಾಳದ ಮೇಲ್ಸೇತುವೆಯ ತಲೆಗೆ ಕಟ್ಟಿ ನಿಶ್ಚಿಂತರಾಗಿದ್ದೆವು. ಮೊದಲನೆಯದು ಯಾರ ಜವಾಬ್ದಾರಿಯೂ ಅಲ್ಲ, ರಿಜಿಸ್ಟರಿನಲ್ಲಿ ಅದಕ್ಕೆಂದೇ ಕಾಲಂ ಕಾಣುವುದು ಅಪರೂಪ. ರಸ್ತೆ ಖಾಲಿಯಾದ ಮೇಲೂ ರೋಗಿ ತಡವಾಗಿ ಬಂದಾಗ, ಇಷ್ಟು ವರ್ಷ ಟ್ರಾಫಿಕ್ಕಿನ ನೆರಳಲ್ಲಿ ಅಡಗಿದ್ದ ಆ ಮೊದಲ ಕಾಲ ಬಯಲಿಗೆ ಬಂತು. ಸಾಂಕ್ರಾಮಿಕ ನನಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ.

ನಮ್ಮ ಬೀದಿಯ ಮೇಷ್ಟ್ರಿಗೆ ಎದೆ ಹಿಡಿದುಕೊಂಡದ್ದು 2020ರ ಜುಲೈನಲ್ಲಿ. ಜೂನ್ ಕೊನೆಯವರೆಗೂ ಬೆಂಗಳೂರು ಗೆದ್ದಿದೆ ಎಂಬ ಮಾತು ಕೇಳಿಬರುತ್ತಿತ್ತು. ಜುಲೈನಲ್ಲಿ ಸೋಂಕು ಕೈಮೀರಿ, 14ರಿಂದ ಒಂದು ವಾರ ಮತ್ತೆ ಲಾಕ್‌ಡೌನ್. ರಾತ್ರಿ ಊಟವಾದ ಮೇಲೆ ಎದೆ ಬಿಗಿದಿದೆ, ಬೆವರು ಬಂದಿದೆ. ನಮ್ಮಲ್ಲಿ ಎದೆನೋವಿಗೆ ಮೊದಲ ವೈದ್ಯ ಅಡುಗೆಮನೆ. ಗ್ಯಾಸ್ ಇರಬೇಕು ಎಂದು ಓಮಿನ ನೀರು ಆಯಿತು, ಇನೋ ಆಯಿತು. ಫೋನ್ ಮಾಡಿದ್ದು ಅವರ ಹೆಂಡತಿ, ಅವರಿಗೆ ಗೊತ್ತಾಗದ ಹಾಗೆ. ನಾನು ಹೋಗಿ, “ಮೇಷ್ಟ್ರೇ, ಏಳಿ, ಕಾರು ತಂದಿದೀನಿ, ಐದು ನಿಮಿಷದ ದಾರಿ” ಅಂದರೆ, ಅವರು ಕುರ್ಚಿ ಬಿಟ್ಟು ಏಳಲಿಲ್ಲ.

“ಬೇಡ ಕಣಪ್ಪ. ಎದೆನೋವು ಅಂತ ಹೋದ್ರೆ ಮೂಗಿಗೆ ಕಡ್ಡಿ ಹಾಕ್ತಾರೆ. ಪಾಸಿಟಿವ್ ಅಂದ್ರೆ ನಾನೊಂದು ಕಡೆ, ಇವಳೊಂದು ಕಡೆ. ಬೀದಿ ಪೂರ್ತಿ ಸೀಲ್‌ಡೌನ್ ಮಾಡ್ತಾರೆ, ನಿನ್ನ ಮನೇನೂ ಸೇರಿಸಿ. ಹೋಗಿಬಿಟ್ರೆ ಬಾಡಿ ಕೂಡ ಕೊಡಲ್ಲ.”

“ಮೊದಲು ಏಳಿ ಮೇಷ್ಟ್ರೇ, ಸೀಲ್‌ಡೌನ್ ಆದ್ರೆ ಆಗಲಿ.”

“ಬೆಳಗ್ಗೆ ನೋಡೋಣ. ಬಿಡು, ಈಗ ಸ್ವಲ್ಪ ಕಮ್ಮಿ ಆಗಿದೆ.”

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು. ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆಸಿ ಎಷ್ಟು ಮಕ್ಕಳನ್ನು ಪಾಸು ಮಾಡಿಸಿದವರು. ಅವರದು ಅಜ್ಞಾನ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅವರು ಹೇಳಿದ ಒಂದೊಂದು ಮಾತಿಗೂ ಆ ತಿಂಗಳ ಪತ್ರಿಕೆಯಲ್ಲಿ ಆಧಾರವಿತ್ತು. ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಪಾಲಿಕೆಯವರು ಮನೆಯ ಬಾಗಿಲಿಗೇ ತಗಡು ಬಡಿದು ಆಮೇಲೆ ಕ್ಷಮೆ ಕೇಳಿದ್ದು ಆ ತಿಂಗಳೇ. ಉಸಿರಾಟದ ತೊಂದರೆಯೆಂದು ಹೋದವರನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಟ್ಟಿದ ಸುದ್ದಿಗಳು ದಿನವೂ ಬರುತ್ತಿದ್ದವು. ಖಾಸಗಿ ಆಸ್ಪತ್ರೆಗಳು ರೋಗಿಯನ್ನು ತಿರುಗಿಸಿ ಕಳಿಸುವಂತಿಲ್ಲ ಎಂದು ಸರ್ಕಾರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಸೆಕ್ಷನ್ನುಗಳನ್ನು ನೆನಪಿಸಿ ಆದೇಶ ಹೊರಡಿಸಬೇಕಾಯಿತು. ಇಂಥ ಹೊತ್ತಲ್ಲಿ ಭಯ ಪಡದವನೇ ತಿಳಿಗೇಡಿ. ಮೇಷ್ಟ್ರು ಎರಡು ಅಪಾಯಗಳನ್ನು ತೂಗಿ ನೋಡಿದ್ದರು. ಕಣ್ಣಿಗೆ ಕಾಣುತ್ತಿದ್ದ ಅಪಾಯ ಭಾರವಾಗಿ ಕಂಡಿತು, ಎದೆಯೊಳಗಿನದು ಹಗುರವಾಗಿ ಕಂಡಿತು.

ಬೆಳಗ್ಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಆ ದಿನಗಳಲ್ಲಿ ಎಲ್ಲ ಆಸ್ಪತ್ರೆಗಳ ಗೇಟೂ ಹಾಗೇ ಇತ್ತು. ಎಮರ್ಜೆನ್ಸಿಯ ಮುಂದೆ ಶಾಮಿಯಾನ, ಹಣೆಗೆ ಹಿಡಿಯುವ ಥರ್ಮಾಮೀಟರು. “ಜ್ವರ ಇದೆಯಾ? ಕೆಮ್ಮು? ಯಾರಾದ್ರೂ ಪಾಸಿಟಿವ್ ಆದವರ ಹತ್ತಿರ ಹೋಗಿದ್ರಾ?” ಈ ಪ್ರಶ್ನೆಗಳೆಲ್ಲ ಮುಗಿದ ಮೇಲೆ, “ಏನು ತೊಂದರೆ?” ಪ್ರಶ್ನೆಗಳ ಸರದಿ ಬದಲಾದದ್ದು ನನಗೆ ಆ ಕಾಲದ ಅತಿ ದೊಡ್ಡ ಬದಲಾವಣೆಯಾಗಿ ಕಾಣುತ್ತದೆ. ಮೊದಲಾದರೆ ಎದೆ ಹಿಡಿದುಕೊಂಡು ಬಂದವನಿಗೆ ಸರದಿಯೇ ಇರಲಿಲ್ಲ, ಅವನೇ ಮೊದಲಿಗ. ಈಗ ಅವನು ರೋಗಿಯಾಗುವ ಮೊದಲು ಶಂಕಿತನಾಗಬೇಕಿತ್ತು. ಆ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆನೇನೋ. ಒಳಗೆ ಇಪ್ಪತ್ತು ಜನ ಹೃದ್ರೋಗಿಗಳಿದ್ದಾರೆ, ಅವರಲ್ಲಿ ಯಾರಿಗೆ ಸೋಂಕು ತಗುಲಿದರೂ ಉಳಿಯುವುದು ಕಷ್ಟ.

ಬಾಗಿಲ ಒಳಗಿನ ಕತೆ ನನಗೆ ಗೊತ್ತಾದದ್ದು ಆಮೇಲೆ, ಕ್ಯಾಥ್ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯರಿಂದ. ಕ್ಯಾಥ್ ಲ್ಯಾಬ್ ಎಂದರೆ ಎಕ್ಸ್‌ರೇ ನೋಡುತ್ತಲೇ ನಾಳಕ್ಕೆ ತಂತಿ ಹಾಯಿಸುವ ಕೋಣೆ. ಅಲ್ಲಿ ವೈದ್ಯರೂ ಸಿಸ್ಟರುಗಳೂ ಟೆಕ್ನೀಷಿಯನ್ನರೂ ಸೀಸದ ಏಪ್ರನ್ ತೊಟ್ಟೇ ನಿಲ್ಲಬೇಕು. ಐದಾರು ಕಿಲೋ ಭಾರ. ಅದನ್ನೇ ಹೊತ್ತು ಹೊತ್ತು ಬೆನ್ನು ಹಾಳುಮಾಡಿಕೊಂಡವರು ಈ ಕಸುಬಿನಲ್ಲಿ ಬೇಕಾದಷ್ಟು ಮಂದಿ. ಈಗ ಆ ಸೀಸದ ಮೇಲೆ ಪಿಪಿಇ ಕಿಟ್ಟು, ಎನ್-95 ಮಾಸ್ಕು, ಕಣ್ಣಿಗೆ ಗಾಗಲ್, ಅದರ ಮೇಲೊಂದು ಮುಖಗವಚ, ಎರಡು ಜೊತೆ ಗ್ಲೌಸು. ಕೂದಲೆಳೆಯಂಥ ತಂತಿಯ ತುದಿ ಪರದೆಯ ಮೇಲೆ ಎಲ್ಲಿ ಹೋಗುತ್ತಿದೆ ಎಂದು ನೋಡಬೇಕಾದ ಹೊತ್ತಿಗೆ ಗಾಗಲಿನ ಒಳಗೆ ಉಸಿರಿನ ಮಂಜು. ಒರೆಸಿಕೊಳ್ಳುವಂತಿಲ್ಲ. ಮಾತಾಡಿದರೆ ಕೇಳುವುದಿಲ್ಲ, ಕಣ್ಸನ್ನೆ ಮಾಡಿದರೆ ಕಾಣುವುದಿಲ್ಲ. ಯಾರು ಯಾರೆಂದು ತಿಳಿಯಲು ಬೆನ್ನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದುಕೊಂಡರು.

ಗಾಳಿಯೂ ತಕರಾರು ಮಾಡಿತು. ಆಪರೇಷನ್ ಕೋಣೆಗಳ ಹಾಗೆ ಕ್ಯಾಥ್ ಲ್ಯಾಬಿನಲ್ಲೂ ಗಾಳಿಯನ್ನು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ತಳ್ಳುವಂತೆ ಇಟ್ಟಿರುತ್ತಾರೆ. ಹೊರಗಿನ ಕೊಳೆ ರೋಗಿಗೆ ತಗುಲಬಾರದು ಎಂಬ ಲೆಕ್ಕ. ಸೋಂಕು ರೋಗಿಯ ಉಸಿರಿನಲ್ಲೇ ಇದೆ ಎಂದಾಗ ಅದೇ ವ್ಯವಸ್ಥೆ ವೈರಸ್ಸನ್ನು ಕಾರಿಡಾರಿಗೆ ಊದುವ ತಿದಿಯಾಯಿತು. ಕೆಲವರು ಒಂದು ಲ್ಯಾಬನ್ನು ಕೋವಿಡ್ಡಿಗೆಂದೇ ಎತ್ತಿಟ್ಟರು. ಒಂದೇ ಲ್ಯಾಬ್ ಇದ್ದವರು ಎಸಿ ನಿಲ್ಲಿಸಿ ಬೆವರುತ್ತ ಕೆಲಸ ಮಾಡಿದರು. ಒಬ್ಬ ರೋಗಿಯಾದ ಮೇಲೆ ಇಡೀ ಕೋಣೆ ತೊಳೆದು, ಗಾಳಿ ಬದಲಾಗುವವರೆಗೆ ಗಂಟೆಗಟ್ಟಲೆ ಖಾಲಿ ಬಿಡಬೇಕು. ಅಷ್ಟರಲ್ಲಿ ಇನ್ನೊಬ್ಬ ಬಂದರೆ? ಉಸಿರಾಟ ಕೆಡುವ ಸೂಚನೆ ಇದ್ದರೆ ಕ್ಯಾಥ್ ಲ್ಯಾಬಿಗೆ ತರುವ ಮೊದಲೇ ಗಂಟಲಿಗೆ ನಳಿಕೆ ಹಾಕಿ ವೆಂಟಿಲೇಟರಿಗೆ ಸೇರಿಸಿ ತರುವುದು ಕ್ಷೇಮ ಎಂಬ ಸಲಹೆ ಬಂತು. ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕೂಡ ಬದಲಾಯಿತು. ಹೃದಯ ನಿಂತಾಗ ಹಾರಿ ಹೋಗಿ ಎದೆ ಒತ್ತುವುದೇ ವರ್ಷಗಟ್ಟಲೆ ಮೈಗೆ ಹತ್ತಿದ ಅಭ್ಯಾಸ. ಈಗ ನಿಯಮ, ಮೊದಲು ಕಿಟ್ ತೊಡು. ತೊಡಲು ಬೇಕಾದ ಆ ಕೆಲವು ನಿಮಿಷ ಬಾಗಿಲ ಹೊರಗೆ ನಿಂತು ಮಾನಿಟರಿನ ಗೆರೆ ನೋಡುತ್ತ ಜಿಪ್ಪು ಎಳೆದುಕೊಳ್ಳುವುದು ಎಂಥ ಶಿಕ್ಷೆ ಎಂದು ಒಬ್ಬ ಡ್ಯೂಟಿ ಡಾಕ್ಟರು ಹೇಳಿದ್ದರು. ಹೇಳುವಾಗಲೂ ಅವರ ಕೈ ಜಿಪ್ಪು ಎಳೆಯುವ ಹಾಗೆ ಆಡುತ್ತಿತ್ತು.

ಪರೀಕ್ಷೆಯ ವರದಿಗೆ ಕಾಯುವಂತಿರಲಿಲ್ಲ. ಆರ್‌ಟಿ-ಪಿಸಿಆರ್ ಫಲಿತಾಂಶ ಬರುವುದು ಮರುದಿನ, ಕೆಲವೊಮ್ಮೆ ಅದರ ಮರುದಿನ. ಜೂನ್‌ನಲ್ಲಿ ಐಸಿಎಂಆರ್ ಒಪ್ಪಿಗೆ ಕೊಟ್ಟ ರಾಪಿಡ್ ಆ್ಯಂಟಿಜೆನ್ ಕಿಟ್ಟು ಅರ್ಧ ಗಂಟೆಯಲ್ಲಿ ಹೇಳುತ್ತಿತ್ತು. ಆದರೆ ಅದು ನೆಗೆಟಿವ್ ಎಂದರೆ ಪೂರ್ತಿ ನಂಬುವ ಹಾಗಿಲ್ಲ. ಹಾಗಾಗಿ ಬಂದವರೆಲ್ಲ ಪಾಸಿಟಿವ್ ಎಂದೇ ಭಾವಿಸಿ ನಡೆಯುವುದು ರೂಢಿಯಾಯಿತು. ರೋಗವೂ ವೇಷ ಹಾಕುತ್ತಿತ್ತು. ಕೊರೊನಾ ಹೃದಯದ ಸ್ನಾಯುವನ್ನೇ ಊದಿಸಿದಾಗ ಇಸಿಜಿಯಲ್ಲಿ ಹೃದಯಾಘಾತದ್ದೇ ಗೆರೆ. ಆಂಜಿಯೋಗ್ರಾಂ ಮಾಡಿದರೆ ನಾಳಗಳೆಲ್ಲ ಸ್ವಚ್ಛ. ಇನ್ನೊಂದು ಕಡೆ ಕೊರೊನಾ ರಕ್ತವನ್ನು ಹೆಪ್ಪುಗಟ್ಟಿಸಿ ನಿಜವಾದ ಹೃದಯಾಘಾತವನ್ನೂ ತರುತ್ತಿತ್ತು.

ನಮ್ಮ ಸಮಾಜಕ್ಕೆ ಹೆಚ್ಚು ತಟ್ಟಿದ ಬದಲಾವಣೆ ಇವ್ಯಾವುದೂ ಅಲ್ಲ. ಒಬ್ಬ ರೋಗಿಗೆ ಒಬ್ಬನೇ ಅಟೆಂಡರ್ ಎಂಬ ನಿಯಮ ಅದು. ನಮ್ಮಲ್ಲಿ ಎದೆನೋವು ಬಂದವನು ಒಬ್ಬನೇ ಆಸ್ಪತ್ರೆಗೆ ಹೋಗುವುದಿಲ್ಲ. ತಮ್ಮ, ಭಾವಮೈದುನ, ಪಕ್ಕದ ಮನೆಯವರು, ಯಾರದೋ ಪರಿಚಯದ ಕೌನ್ಸಿಲರು ಎಲ್ಲರೂ ಹೋಗುತ್ತಾರೆ. ಸ್ಟೆಂಟ್ ಹಾಕಿಸಬೇಕೇ ಬೇಡವೇ ಎಂಬುದು ಬಿಲ್ಲಿಂಗ್ ಕೌಂಟರಿನ ಮುಂದೆ ನಡೆಯುವ ಪಂಚಾಯಿತಿಯಲ್ಲಿ ತೀರ್ಮಾನವಾಗುತ್ತದೆ. ವೈದ್ಯರು ಇದರಿಂದ ಹೈರಾಣಾಗುತ್ತಿದ್ದದ್ದು ನಿಜ. ತೊಂಬತ್ತು ನಿಮಿಷದ ಅರ್ಧ ಪಾಲನ್ನು ಈ ಪಂಚಾಯಿತಿಯೇ ನುಂಗುತ್ತದೆ ಎಂದು ಗೊಣಗುತ್ತಿದ್ದರು. ಈಗ ಪಂಚಾಯಿತಿ ಪಾರ್ಕಿಂಗಿಗೆ ಹೋಯಿತು, ಅಮೆರಿಕದ ಮಗ ವಿಡಿಯೊ ಕಾಲಿನಲ್ಲಿ ಬಂದ, ಒಪ್ಪಿಗೆ ಫೋನಿನಲ್ಲಿ ಸಿಕ್ಕಿತು. ಹಲವು ಕಡೆ ತೀರ್ಮಾನ ಬೇಗ ಆಗತೊಡಗಿತು ಎಂದು ಅವರೇ ಹೇಳುತ್ತಾರೆ. ಆದರೆ ಆ ಗುಂಪಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯಲ್ಲಿ ಕೂತು “ಬೆಳಗ್ಗೆ ನೋಡೋಣ” ಎನ್ನುವವನನ್ನು ಎತ್ತಿ ಕಾರಿಗೆ ಹಾಕುತ್ತಿದ್ದದ್ದೂ ಅದೇ ಗುಂಪು. ಬಾಗಿಲ ಒಳಗೆ ನಿಮಿಷ ಕಳೆಯುತ್ತಿದ್ದವರೇ ಬಾಗಿಲ ಹೊರಗೆ ಗಂಟೆ ಉಳಿಸುತ್ತಿದ್ದರು. ಲಾಕ್‌ಡೌನಿನಲ್ಲಿ ಮೇಷ್ಟ್ರ ತಮ್ಮ ತುಮಕೂರಿನಲ್ಲಿ, ಭಾವಮೈದುನ ಕಂಟೈನ್‌ಮೆಂಟ್ ಝೋನಿನಲ್ಲಿ. ಮೇಷ್ಟ್ರ ಮನೆಗೆ ಆ ರಾತ್ರಿ ಬಂದದ್ದು ನಾನೊಬ್ಬನೇ, ಅದೂ ಮಾಸ್ಕು ಹಾಕಿ ಹೊಸ್ತಿಲಾಚೆ ನಿಂತವನು. ಹೊಸ್ತಿಲಾಚೆಯಿಂದ ಯಾರನ್ನೂ ಗದರಿಸಲು ಆಗುವುದಿಲ್ಲ.

ಇಷ್ಟೆಲ್ಲ ಅಡಚಣೆಯ ನಡುವೆ ತೊಂಬತ್ತು ನಿಮಿಷದ ಗುರಿ ಮುಟ್ಟುವುದು ಕಷ್ಟ ಎಂದಾದಾಗ ಒಂದು ಹಳೆಯ ಔಷಧಿ ಮರಳಿ ಬಂತು. ಹೆಪ್ಪನ್ನು ಕರಗಿಸುವ ಚುಚ್ಚುಮದ್ದು. ಸ್ಟ್ರೆಪ್ಟೊಕೈನೇಸ್ ಎಂಬ ಹಳಬನನ್ನು ಸುಮಾರು ಒಂದು ಗಂಟೆ ಡ್ರಿಪ್ಪಿನಲ್ಲಿ ಹರಿಸಬೇಕು. ಟೆನೆಕ್ಟೆಪ್ಲೇಸ್ ಎಂಬ ಹೊಸಬನಾದರೆ ರೋಗಿಯ ತೂಕ ನೋಡಿ ಒಂದೇ ಸಲ, ಕೆಲವು ಸೆಕೆಂಡಿನಲ್ಲಿ ಕೊಟ್ಟು ಮುಗಿಸಬಹುದು. ಲ್ಯಾಬು ಬೇಡ, ಸೀಸದ ಏಪ್ರನ್ ಬೇಡ, ಒಬ್ಬ ಡಾಕ್ಟರು, ಒಬ್ಬ ಸಿಸ್ಟರು ಸಾಕು. ಮೊದಲ ಮೂರು ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದಷ್ಟೂ ಹೆಪ್ಪು ಗಟ್ಟಿಯಾಗಿ ಮದ್ದಿಗೆ ಬಗ್ಗುವುದಿಲ್ಲ. ನೂರರಲ್ಲಿ ಒಬ್ಬರ ಆಸುಪಾಸು ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವೂ ಇದೆ. ಮಹಾನಗರದ ಆಸ್ಪತ್ರೆಗಳಲ್ಲಿ ಬಲೂನು, ಸ್ಟೆಂಟು ಬಂದ ಮೇಲೆ ಇದು ಎರಡನೇ ದರ್ಜೆಯದಾಗಿತ್ತು. ಚೀನಾದ ವೈದ್ಯರು ಮೊದಲು ಇದಕ್ಕೆ ಮರಳಿದರು. ಅಮೆರಿಕದ ಸಂಘಟನೆಗಳು ಒಪ್ಪಲಿಲ್ಲ, ಸಕಾಲಕ್ಕೆ ಸಾಧ್ಯವಿದ್ದಲ್ಲೆಲ್ಲ ಬಲೂನೇ ಸರಿ ಎಂದವು. ನಮ್ಮ ಕಾರ್ಡಿಯಾಲಜಿಕಲ್ ಸೊಸೈಟಿ, ಸೋಂಕು ಇರುವ ಅಥವಾ ಇರಬಹುದಾದ ರೋಗಿಗೆ ಮೊದಲು ಚುಚ್ಚುಮದ್ದು ಎಂಬ ಕಡೆ ವಾಲಿತು. ಮೇಷ್ಟ್ರಿಗೂ ಅದನ್ನೇ ಕೊಟ್ಟರು. ಆದರೆ ಅಷ್ಟು ಹೊತ್ತಿಗೆ ಗಂಟೆಗಳು ಕಳೆದಿದ್ದವು. ನಾಳ ಪೂರ್ತಿ ತೆರೆಯಲಿಲ್ಲ, ಸ್ವಾಬ್ ನೆಗೆಟಿವ್ ಬಂದ ಮೇಲೆ ಸ್ಟೆಂಟ್ ಹಾಕಿದರು. ಬದುಕಿದರು. ಪಂಪಿಂಗ್ ಅರ್ಧಕ್ಕಿಂತ ಕೆಳಗಿಳಿದಿದೆ ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿತ್ತು.

ಬಲೂನೋ ಚುಚ್ಚುಮದ್ದೋ ಎಂಬ ಈ ವಾದವನ್ನು ಗೌರಿಬಿದನೂರಿನಲ್ಲೋ ಪಾವಗಡದಲ್ಲೋ ಕೂತು ಕೇಳಿದರೆ ನಗು ಬರುತ್ತದೆ. ಅಲ್ಲಿಯವರಿಗೆ ತೊಂಬತ್ತು ನಿಮಿಷದ ಬಲೂನು ಯಾವಾಗ ಇತ್ತು? ಕ್ಯಾಥ್ ಲ್ಯಾಬ್ ಎಪ್ಪತ್ತು ನೂರು ಕಿಲೋಮೀಟರ್ ಆಚೆ. ಕೈಗೆ ಸಿಕ್ಕರೆ ಚುಚ್ಚುಮದ್ದು, ಅದೂ ಇಲ್ಲದಿದ್ದರೆ ಆಸ್ಪಿರಿನ್ ಅಗಿಯಲು ಕೊಟ್ಟು “ಬೆಂಗಳೂರಿಗೆ ಕರಕೊಂಡು ಹೋಗಿ” ಎಂಬ ಚೀಟಿ. ಮಹಾನಗರದ ಆಸ್ಪತ್ರೆ ಸಾಂಕ್ರಾಮಿಕಕ್ಕೆ ಹೊಂದಿಕೊಂಡಿತು ಎಂದು ನಾವು ಹೊಗಳುವಾಗ ನಿಜಕ್ಕೂ ನಡೆದದ್ದು ಇಷ್ಟೇ: ತಾಲೂಕು ಆಸ್ಪತ್ರೆಯ ದಿನನಿತ್ಯದ ಸ್ಥಿತಿ ಕೆಲವು ತಿಂಗಳು ಹೆಬ್ಬಾಳದ ಆಸ್ಪತ್ರೆಗಳ ಸ್ಥಿತಿಯೂ ಆಯಿತು. ಲ್ಯಾಬಿಗೆ ದಾರಿಯಿಲ್ಲ, ತಜ್ಞರು ಫೋನಿನಲ್ಲಿ, ಇಸಿಜಿ ವಾಟ್ಸಾಪಿನಲ್ಲಿ, ಕೈಯಲ್ಲಿರುವುದು ಒಂದು ಸೂಜಿ. ವ್ಯತ್ಯಾಸ ಒಂದೇ. ಅಲ್ಲಿ ದಾರಿಗೆ ಅಡ್ಡ ನಿಂತದ್ದು ದೂರ, ಇಲ್ಲಿ ವೈರಸ್ಸು. ಗೌರಿಬಿದನೂರಿಗೆ 2020ರ ಮಾರ್ಚಿನಲ್ಲಿ ಎರಡೂ ಒಟ್ಟಿಗೆ ಬಂದವು. ರಾಜ್ಯದಲ್ಲಿ ಮೊದಮೊದಲು ಸೋಂಕು ಕಾಣಿಸಿಕೊಂಡ ಊರುಗಳಲ್ಲಿ ಅದೂ ಒಂದು.

ದಾರಿಯನ್ನೇ ಮುಚ್ಚಿದ ಕತೆಯೂ ಕನ್ನಡದವರದೇ. ಲಾಕ್‌ಡೌನಿನ ಮೊದಲ ವಾರಗಳಲ್ಲಿ ಕರ್ನಾಟಕ ಕಾಸರಗೋಡಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಬಂದ್ ಮಾಡಿತು. ಮಂಜೇಶ್ವರದ ಕಡೆಯವರಿಗೆ ಎದೆನೋವೆಂದರೆ ಎಂದಿನಿಂದಲೂ ಮಂಗಳೂರೇ ಗತಿ, ತಲಪಾಡಿ ದಾಟಿದರೆ ಸ್ವಲ್ಪ ಹೊತ್ತಿನಲ್ಲಿ ಆಸ್ಪತ್ರೆ. ಗಡಿಯಲ್ಲಿ ಆಂಬುಲೆನ್ಸು ತಡೆದು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರದ ಕೊನೆಗೆ ತುರ್ತು ರೋಗಿಗಳನ್ನು ಬಿಡಲು ಒಪ್ಪಂದವಾಯಿತು. ಮಂಗಳೂರಿನ ಕ್ಯಾಥ್ ಲ್ಯಾಬುಗಳು ಎಷ್ಟು ಚೆನ್ನಾಗಿ ಸಜ್ಜಾಗಿದ್ದರೂ ಆ ದಿನಗಳಲ್ಲಿ ಮಂಜೇಶ್ವರದವನಿಗೆ ಏನೂ ಉಪಯೋಗವಿರಲಿಲ್ಲ. ಅವನ ಗಡಿಯಾರ ಮಣ್ಣಿನ ಗುಡ್ಡೆಯ ಆಚೆಯೇ ನಿಂತಿತು. ಇದನ್ನು ಕೇರಳ–ಕರ್ನಾಟಕದ ಜಗಳವೆಂದು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಭಯದ ವಿಷಯಕ್ಕೆ ಮತ್ತೆ ಬರಬೇಕು. ಅದು ಒಂದೇ ದಿಕ್ಕಿಗೆ ಓಡುವುದಿಲ್ಲ. 2020ರ ಜೂನ್ 7ರಂದು ನಟ ಚಿರಂಜೀವಿ ಸರ್ಜಾ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತದಿಂದ ಹೋದರು. ಆಗ ಜನ ಕೇಳಿದ ಮೊದಲ ಪ್ರಶ್ನೆ, ಕೊರೊನಾ ಇತ್ತಾ ಎಂದು. ಪರೀಕ್ಷೆ ನೆಗೆಟಿವ್ ಬಂದದ್ದೇ ಸುದ್ದಿಯಾಯಿತು. ಆಸ್ಪತ್ರೆಗೆ ಹೋಗುವ ಭಯ ಮಾತ್ರ ಕಡಿಮೆಯಾಗಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್. ನಲವತ್ತಾರು ವರ್ಷ, ದಿನವೂ ಕಸರತ್ತು ಮಾಡುತ್ತಿದ್ದ ದೇಹ, ಹೆಬ್ಬಾಳದಿಂದ ನಾಲ್ಕು ಹೆಜ್ಜೆಯ ಸದಾಶಿವನಗರದ ಮನೆ. ಮರುದಿನಗಳಿಂದ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲುಗಟ್ಟಿ ನಿಂತವರಲ್ಲಿ ಹೆಚ್ಚಿನವರು ಯುವಕರು, ಏನೂ ಆಗದವರು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರು ಎರಡೂ ಕಡೆಯ ಜಯದೇವದಲ್ಲಿ ಮತ್ತೆ ಅದೇ ಸಾಲು. ಅಸಹಜ ಏರಿಕೆಯೇನೂ ಇಲ್ಲ ಎಂದು ತಜ್ಞರ ಸಮಿತಿ ಹೇಳುವವರೆಗೂ ಕರಗಲಿಲ್ಲ. ಬರಬೇಕಾದವನನ್ನು ಮನೆಯಲ್ಲಿ ಕೂರಿಸಿದ್ದೂ, ಬರಬೇಕಿಲ್ಲದವನನ್ನು ಸಾಲಿನಲ್ಲಿ ನಿಲ್ಲಿಸಿದ್ದೂ ಒಂದೇ ಭಯ. ಎರಡೂ ಸಲ ಅದನ್ನು ನಡೆಸಿದ್ದು ಸುದ್ದಿ, ಸ್ವಂತ ಎದೆಯ ನೋವಲ್ಲ. ಆಸ್ಪತ್ರೆಗಳು ಕಿಟ್ಟು, ಗಾಳಿ, ಪಾಳಿ ಎಲ್ಲಕ್ಕೂ ವಾರಗಳಲ್ಲಿ ಪರಿಹಾರ ಕಂಡುಕೊಂಡವು. ಈ ಭಯದ ಜೊತೆ ಮಾತಾಡುವುದು ತಮ್ಮ ಕೆಲಸ ಎಂದು ಅವುಗಳಿಗೆ ಅನ್ನಿಸಲೇ ಇಲ್ಲ. ಎದೆನೋವಿದ್ದರೆ ಬನ್ನಿ, ನಿಮ್ಮನ್ನು ಕೋವಿಡ್ ವಾರ್ಡಿಗೆ ಸೇರಿಸುವುದಿಲ್ಲ ಎಂಬ ಎರಡು ಸಾಲನ್ನು ಬೀದಿ ಬೀದಿಯಲ್ಲಿ ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿದ್ದರೆ ಎಷ್ಟು ಜನ ಕುರ್ಚಿ ಬಿಟ್ಟು ಏಳುತ್ತಿದ್ದರು! ಆ ಮೈಕಿನಲ್ಲಿ ಹಸಿ ಕಸ ಒಣ ಕಸದ ಹಾಡು ದಿನಾ ಬರುತ್ತಿತ್ತು.

ಒಂದು ಒಳ್ಳೆಯದು ಆಮೇಲೆ ಆಯಿತು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ಕೇಂದ್ರಕ್ಕೆ ಹೋಗುತ್ತದೆ, ಹೃದಯಾಘಾತವೇ ಎಂದು ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ, ಹೊರಗೆ ಸಾವಿರಾರು ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಸಾಂಕ್ರಾಮಿಕದಲ್ಲಿ ಹೆಬ್ಬಾಳ ಅನಿವಾರ್ಯವಾಗಿ ಮಾಡಿದ್ದನ್ನು ಇದು ತಾಲೂಕಿಗೆ ಹಕ್ಕಾಗಿ ಕೊಡುತ್ತಿದೆ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಇಲ್ಲಿ ಗಡಿಯಾರ ತಿರುಗತೊಡಗುವುದು ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ. ಬಾಗಿಲು ಹತ್ತಿರ ಬಂದಿದೆ, ಅಷ್ಟೇ. ಅದರ ಹೊರಗೆ ಓಮಿನ ನೀರು ಕುಡಿದು ಬೆಳಗಿಗೆ ಕಾಯುತ್ತಿರುವವನ ಹೊತ್ತು ಈಗಲೂ ಯಾರ ಲೆಕ್ಕಕ್ಕೂ ಸೇರಿಲ್ಲ. ಆಶಾ ಕಾರ್ಯಕರ್ತೆಯರು ಸಕ್ಕರೆ, ಬಿಪಿ ಕೇಳುತ್ತ ಮನೆಮನೆಗೆ ಹೋಗುತ್ತಾರೆ. ಎದೆ ಬಿಗಿದರೆ ಎಷ್ಟು ಹೊತ್ತಿನಲ್ಲಿ ಹೊರಡುತ್ತೀರಿ, ಯಾರ ಗಾಡಿಯಲ್ಲಿ, ರಾತ್ರಿಯಾದರೆ ಯಾರನ್ನು ಎಬ್ಬಿಸುತ್ತೀರಿ ಎಂದು ಕೇಳಲು ಅವರಿಗೆ ಇನ್ನೊಂದು ನಿಮಿಷ ಸಾಕು.

ಇಟಲಿಯ ಲೊಂಬಾರ್ಡಿಯಲ್ಲಿ 2020ರ ವಸಂತದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ಸ್ತಬ್ಧವಾದ ಪ್ರಕರಣಗಳು ನಾಲ್ಕು ಪ್ರಾಂತ್ಯಗಳಲ್ಲಿ ಶೇ 58ರಷ್ಟು ಏರಿದ್ದವು. ಅವರಲ್ಲಿ ಅಂಥ ಪ್ರತಿ ಕರೆಯನ್ನೂ ಬರೆದಿಡುವ ಆಂಬುಲೆನ್ಸ್ ದಾಖಲೆ ಇತ್ತು, ಹಾಗಾಗಿ ಎಣಿಸಿದರು. ಆಸ್ಪತ್ರೆಗೆ ಬಾರದವರು ಎಲ್ಲಿ ಹೋದರು ಎಂಬುದಕ್ಕೆ ಅವರಿಗೆ ಅಷ್ಟಾದರೂ ಉತ್ತರ ಸಿಕ್ಕಿತು. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದ್ದು ಶೇ 22.5ಕ್ಕೆ ಮಾತ್ರ. ನಮ್ಮ 187 ಆಸ್ಪತ್ರೆಗಳಿಗೆ ಬಾರದೆ ಹೋದ ಶೇ 35 ಮಂದಿಯಲ್ಲಿ ಮನೆಯಲ್ಲೇ ತೀರಿಕೊಂಡವರು ಯಾರು, ತಾನಾಗಿ ಉಳಿದುಕೊಂಡು ಕುಗ್ಗಿದ ಹೃದಯದೊಂದಿಗೆ ಓಡಾಡುತ್ತಿರುವವರು ಯಾರು ಎಂದು ಹುಡುಕಲು ಹೊರಟರೆ ಪಾಲಿಕೆಯ, ಪಂಚಾಯಿತಿಯ ಜನನ–ಮರಣ ರಿಜಿಸ್ಟರು ತೆರೆಯಬೇಕು. ಅಲ್ಲಿ ಹೆಸರಿದೆ, ವಯಸ್ಸಿದೆ, ತಾರೀಖಿದೆ. ಕಾರಣದ ಕಾಲಂನಲ್ಲಿ ಹೆಚ್ಚಿನ ಸಾಲುಗಳಿಗೆ ವೈದ್ಯರ ಸಹಿಯಿಲ್ಲ.